ಮೊದಲ ವಾರದ ಯುದ್ಧವೋ, ಮೂರನೆಯ ವರ್ಷದ ಯುದ್ಧವೋ: ದೇಶಗಳು ಯಾವುದಕ್ಕೆ ಸಿದ್ಧವಾಗಬೇಕು?

ವಿಷಯ ಮಂಡನೆ

ಯುದ್ಧತಂತ್ರದ ಬಗ್ಗೆ ಈಗ ನಡೆಯುತ್ತಿರುವ ವಾದಗಳಲ್ಲಿ ಬಹುಪಾಲು, ಯಾವ ಆಯುಧದ ಕಾಲ ಮುಗಿಯಿತು, ಯಾವುದರ ಕಾಲ ಬಂತು ಎಂಬ ಪ್ರಶ್ನೆಯಲ್ಲೇ ಸಿಕ್ಕಿಕೊಂಡಿವೆ. ಟ್ಯಾಂಕ್ ಇನ್ನು ನಿರುಪಯೋಗಿ ಎನ್ನುವವರಿದ್ದಾರೆ, ವಿಮಾನವಾಹಕ ನೌಕೆಗೆ ಸುರಿಯುವ ಹಣ ವ್ಯರ್ಥ ಎನ್ನುವವರಿದ್ದಾರೆ, ಕೆಲವು ನೂರು ಡಾಲರುಗಳ ಡ್ರೋನ್ ಎಲ್ಲ ಲೆಕ್ಕಾಚಾರಗಳನ್ನೂ ಬುಡಮೇಲು ಮಾಡಿತು ಎನ್ನುವವರಂತೂ ಎಲ್ಲೆಡೆ ಇದ್ದಾರೆ. ಇವುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ದೇಶವೊಂದರ ಭದ್ರತೆಯನ್ನು ನಿರ್ಧರಿಸುವ ಪ್ರಶ್ನೆ ಬೇರೆಯೇ ಇದೆ ಎಂದು ನಾನು ನಂಬಿದ್ದೇನೆ: ಯುದ್ಧದಲ್ಲಿ ಕಳೆದುಕೊಂಡದ್ದನ್ನು ಎಷ್ಟು ಬೇಗ, ಎಷ್ಟು ಕಾಲದವರೆಗೆ ಮತ್ತೆ ತುಂಬಿಕೊಳ್ಳಲು ಆ ದೇಶಕ್ಕೆ ಸಾಧ್ಯ?

ಆಯುಧಗಳ ಮರಣವಾರ್ತೆ ಹೊಸದೇನೂ ಅಲ್ಲ. 1880ರ ದಶಕದಲ್ಲಿ ಫ್ರಾನ್ಸಿನ ಅಡ್ಮಿರಲ್ ಓಬ್ ಮತ್ತು ಅವರ ಅನುಯಾಯಿಗಳು, ಸಣ್ಣ ಟಾರ್ಪಿಡೊ ದೋಣಿಗಳ ಮುಂದೆ ದೊಡ್ಡ ಯುದ್ಧನೌಕೆಗಳು ನಿಲ್ಲಲಾರವು ಎಂದು ವಾದಿಸಿದರು. ಬ್ರಿಟನ್ ಅದಕ್ಕೆ ಉತ್ತರವಾಗಿ ಟಾರ್ಪಿಡೊ ದೋಣಿಗಳನ್ನೇ ಬೇಟೆಯಾಡುವ ಡೆಸ್ಟ್ರಾಯರ್‌ಗಳನ್ನು ಕಟ್ಟಿತು. 1893ರಲ್ಲಿ ‘ಹ್ಯಾವಕ್’ ನೀರಿಗಿಳಿಯಿತು, ದೊಡ್ಡ ನೌಕೆಗಳು ಇನ್ನೂ ಅರ್ಧ ಶತಮಾನ ಉಳಿದವು. 1973ರ ಅಕ್ಟೋಬರ್‌ನಲ್ಲಿ ಸಿನಾಯ್ ಮರುಭೂಮಿಯಲ್ಲಿ ಈಜಿಪ್ಟಿನ ಕಾಲಾಳುಗಳು ಸೋವಿಯತ್ ನಿರ್ಮಿತ ಸ್ಯಾಗರ್ ಕ್ಷಿಪಣಿಗಳಿಂದ ಇಸ್ರೇಲಿನ ಟ್ಯಾಂಕುಗಳನ್ನು ಸಾಲುಸಾಲಾಗಿ ಸುಟ್ಟಾಗಲೂ ಟ್ಯಾಂಕಿನ ಯುಗ ಮುಗಿಯಿತೆಂದೇ ಹೇಳಲಾಯಿತು. ಕಾಲಾಳುಪಡೆ ಮತ್ತು ಫಿರಂಗಿಗಳನ್ನು ಟ್ಯಾಂಕುಗಳ ಜೊತೆಗೆ ಸೇರಿಸಿಕೊಂಡು ಇಸ್ರೇಲ್ ಅದೇ ಯುದ್ಧದಲ್ಲಿ ಚೇತರಿಸಿಕೊಂಡಿತು. ಆದರೆ ಅದೇ ಹೊತ್ತಿನಲ್ಲಿ ಅಮೆರಿಕದ ಸಾಗಣೆ ವಿಮಾನಗಳು ಮದ್ದುಗುಂಡು ಹೊತ್ತು ಬರದೆ ಹೋಗಿದ್ದರೆ ಆ ಚೇತರಿಕೆ ಎಷ್ಟು ದಿನ ನಿಲ್ಲುತ್ತಿತ್ತು ಎಂಬುದನ್ನೂ ಕೇಳಿಕೊಳ್ಳಬೇಕು.

ನನ್ನ ವಾದಕ್ಕೆ ಇನ್ನೂ ಹತ್ತಿರದ ನಿದರ್ಶನ, ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ನಡೆದ 1982ರ ಯುದ್ಧ. ಮೇ 4ರಂದು ಎಕ್ಸೊಸೆಟ್ ಕ್ಷಿಪಣಿಯೊಂದು ಬ್ರಿಟನ್ನಿನ ‘ಶೆಫೀಲ್ಡ್’ ನೌಕೆಯನ್ನು ಹೊಡೆಯಿತು. ಮೇ 25ರಂದು ‘ಅಟ್ಲಾಂಟಿಕ್ ಕನ್ವೇಯರ್’ ಹಡಗು ಅದೇ ಬಗೆಯ ಕ್ಷಿಪಣಿಗೆ ಬಲಿಯಾಗಿ, ಅದರೊಂದಿಗೆ ಸೇನೆಯ ಭಾರ ಹೊರಬೇಕಿದ್ದ ಚಿನೂಕ್ ಹೆಲಿಕಾಪ್ಟರುಗಳೂ ಹೋದವು. ಇಡೀ ಜಗತ್ತು ಆ ಆಯುಧದ ಬಗ್ಗೆ ಮಾತನಾಡಿತು. ಆದರೆ ವಿಮಾನದಿಂದ ಹಾರಿಸಬಲ್ಲ ಎಕ್ಸೊಸೆಟ್ ಅರ್ಜೆಂಟೀನಾದ ಬಳಿ ಇದ್ದದ್ದು ಕೇವಲ 5. ಮತ್ತಷ್ಟು ಕೊಳ್ಳುವ ದಾರಿಯನ್ನು ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ಮುಚ್ಚಿದವು. ಆ ಸಂಖ್ಯೆ 5ರ ಬದಲು 50 ಆಗಿದ್ದರೆ ಬ್ರಿಟನ್ನಿನ ನೌಕಾಪಡೆ ಆ ದ್ವೀಪಗಳ ಹತ್ತಿರ ನಿಲ್ಲಲು ಧೈರ್ಯ ಮಾಡುತ್ತಿತ್ತೇ ಎಂಬುದು ನಿಜವಾಗಿಯೂ ಯೋಚಿಸಬೇಕಾದ ಮಾತು.

ಈಗ ಉಕ್ರೇನಿಗೆ ಬರೋಣ. 2022ಕ್ಕೆ ಮೊದಲು ಅಮೆರಿಕದಲ್ಲಿ 155 ಮಿ.ಮೀ. ಫಿರಂಗಿ ಶೆಲ್‌ಗಳು ತಯಾರಾಗುತ್ತಿದ್ದುದು ತಿಂಗಳಿಗೆ ಸುಮಾರು 14,000. ಕಾಳಗ ತೀವ್ರವಾಗಿದ್ದ ದಿನಗಳಲ್ಲಿ ಉಕ್ರೇನ್ ದಿನಕ್ಕೇ ಹಲವು ಸಾವಿರ ಶೆಲ್ ಹಾರಿಸುತ್ತಿತ್ತು. ಹನ್ನೆರಡು ತಿಂಗಳಲ್ಲಿ ಹತ್ತು ಲಕ್ಷ ಶೆಲ್ ಕೊಡುವುದಾಗಿ 2023ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟ ಮಾತು ಕೊಟ್ಟಿತು, ಗಡುವು ಬಂದಾಗ ತಲುಪಿದ್ದು ಅರ್ಧದ ಆಸುಪಾಸು. ಜಗತ್ತಿನ ಅತ್ಯಂತ ಶ್ರೀಮಂತ ದೇಶಗಳ ಕೂಟಕ್ಕೆ ಉಕ್ಕಿನ ಚಿಪ್ಪಿನಲ್ಲಿ ಮದ್ದು ತುಂಬಿ ಕೊಡುವುದು, ಒಂದು ಶತಮಾನದಷ್ಟು ಹಳೆಯ ಆ ಕೆಲಸವೇ, ಸಮಯಕ್ಕೆ ಸರಿಯಾಗಿ ಆಗಲಿಲ್ಲ. ಸದಸ್ಯರ ವಿಮರ್ಶೆಗಾಗಿ ನನ್ನ ನಿಲುವನ್ನು ಸ್ಪಷ್ಟವಾಗಿ ಇಡುತ್ತೇನೆ: ಹೊಸ ಆಯುಧಕ್ಕೆ ಮೀಸಲಿಡುವ ಹಣದ ಗಣನೀಯ ಭಾಗವನ್ನು ಮದ್ದುಗುಂಡು, ಬಿಡಿಭಾಗ, ಕಚ್ಚಾವಸ್ತು ಮತ್ತು ತಯಾರಿಕಾ ಸಾಮರ್ಥ್ಯಕ್ಕೆ ತಿರುಗಿಸದ ಹೊರತು ಯಾವ ದೇಶದ ರಕ್ಷಣಾ ಯೋಜನೆಯೂ ಪೂರ್ಣವಲ್ಲ.

ಪ್ರತಿಕ್ರಿಯೆ 1

ಸರ್, ನಿಮ್ಮ ನಿದರ್ಶನಗಳನ್ನು ಒಪ್ಪುತ್ತೇನೆ, ಆದರೆ ಅವುಗಳಿಂದ ನೀವು ತಲುಪಿದ ತೀರ್ಮಾನವನ್ನು ಒಪ್ಪಲಾರೆ. ದೀರ್ಘ ಯುದ್ಧಕ್ಕೆ ಸಿದ್ಧವಾಗುವ ಭರದಲ್ಲಿ ಮೊದಲ ವಾರವನ್ನೇ ಸೋತ ದೇಶಕ್ಕೆ ಗೋದಾಮಿನಲ್ಲಿರುವ ಶೆಲ್‌ಗಳಿಂದ ಏನು ಪ್ರಯೋಜನ? 1967ರ ಜೂನ್ 5ರ ಬೆಳಿಗ್ಗೆ ಈಜಿಪ್ಟಿನ ವಾಯುಪಡೆಯ ಬಹುಭಾಗ ನೆಲದ ಮೇಲೆಯೇ ನಾಶವಾಯಿತು. ಆಮೇಲೆ ಉಳಿದ ಐದು ದಿನಗಳ ಕಾದಾಟದ ಫಲಿತಾಂಶ ಆ ಕೆಲವು ಗಂಟೆಗಳಲ್ಲೇ ನಿರ್ಧಾರವಾಗಿತ್ತು. 1991ರ ಕೊಲ್ಲಿ ಯುದ್ಧದಲ್ಲಿ ವಾರಗಟ್ಟಲೆ ನಡೆದ ವಾಯುದಾಳಿಯ ಬಳಿಕ ಭೂಯುದ್ಧ ಮುಗಿದದ್ದು ಸುಮಾರು 100 ಗಂಟೆಗಳಲ್ಲಿ. 2020ರ ಸೆಪ್ಟೆಂಬರ್ 27ರಂದು ಶುರುವಾದ ನಾಗೋರ್ನೊ-ಕರಾಬಾಖ್ ಯುದ್ಧ 44 ದಿನಗಳಲ್ಲಿ ಮುಗಿಯಿತು. ಅಜೆರ್ಬೈಜಾನ್ ಹಳೆಯ ಎಎನ್-2 ವಿಮಾನಗಳನ್ನು ಬಲಿಪಶುಗಳಂತೆ ಮುಂದೆ ಕಳುಹಿಸಿ, ಅವುಗಳಿಗೆ ಗುಂಡು ಹಾರಿಸಿ ತಮ್ಮ ನೆಲೆಯನ್ನು ತೋರಿಸಿಕೊಂಡ ಅರ್ಮೇನಿಯಾದ ವಾಯುರಕ್ಷಣಾ ಘಟಕಗಳನ್ನು ಡ್ರೋನ್‌ಗಳಿಂದ ಹೊಡೆಯಿತು. ಅರ್ಮೇನಿಯಾಕ್ಕೆ ಕೊರತೆಯಾದದ್ದು ಮೂರನೆಯ ವರ್ಷದ ಕಾರ್ಖಾನೆಯಲ್ಲ.

ಉಕ್ರೇನಿನ ಯುದ್ಧ ದೀರ್ಘವಾದದ್ದೇ ಮೊದಲ ದಿನಗಳಲ್ಲಿ ಅದು ಬೀಳಲಿಲ್ಲ ಎಂಬ ಕಾರಣಕ್ಕೆ. 2022ರ ಫೆಬ್ರವರಿ 24ರಂದು ರಷ್ಯಾದ ವಾಯುದಳದ ಯೋಧರು ಕೀವ್ ಹೊರವಲಯದ ಹೊಸ್ಟೊಮೆಲ್ ವಿಮಾನ ನಿಲ್ದಾಣಕ್ಕೆ ಹೆಲಿಕಾಪ್ಟರುಗಳಲ್ಲಿ ಇಳಿದರು. ಸೈನಿಕರನ್ನೂ ವಾಹನಗಳನ್ನೂ ತುಂಬಿದ ದೊಡ್ಡ ವಿಮಾನಗಳು ಅವರ ಹಿಂದೆಯೇ ಇಳಿಯಬೇಕಿತ್ತು. ಉಕ್ರೇನಿನ ಪಡೆಗಳು ಪ್ರತಿದಾಳಿ ಮಾಡಿ, ಫಿರಂಗಿಗಳಿಂದ ಓಡುದಾರಿಯನ್ನು ಬಳಸಲಾಗದಂತೆ ಮಾಡಿದ್ದರಿಂದ ಆ ಯೋಜನೆ ಕುಸಿಯಿತು. ಶೆಲ್‌ಗಳ ಲೆಕ್ಕ, ಕಾರ್ಖಾನೆಯ ಲೆಕ್ಕ ಎಲ್ಲವೂ ಶುರುವಾದದ್ದು ಆ ನಿಲ್ದಾಣ ಶತ್ರುವಿನ ಬಳಕೆಗೆ ದಕ್ಕದ ಮೇಲೆ. ಆದ್ದರಿಂದ ಎಚ್ಚರದ ಗಡಿ, ಚದುರಿಸಿ ಇಟ್ಟ ವಿಮಾನಗಳು, ಗಟ್ಟಿಯಾದ ಹ್ಯಾಂಗರುಗಳು, ಕೆಲವೇ ಗಂಟೆಗಳಲ್ಲಿ ಹೊರಡಬಲ್ಲ ಪಡೆಗಳು, ಇವುಗಳಿಗೆ ಮೊದಲ ಹಕ್ಕು ಇರಬೇಕು.

ಪ್ರತಿಕ್ರಿಯೆ 2

ಮೇಲಿನ ಸದಸ್ಯರು ಹೇಳಿದ ಗಟ್ಟಿ ಹ್ಯಾಂಗರುಗಳ ಮಾತಿಗೆ ಒಂದು ಸೇರ್ಪಡೆ. 2025ರ ಜೂನ್ 1ರಂದು ಉಕ್ರೇನ್, ಲಾರಿಗಳಲ್ಲಿ ಅಡಗಿಸಿ ಸಾಗಿಸಿದ್ದ ಸಣ್ಣ ಡ್ರೋನ್‌ಗಳನ್ನು ರಷ್ಯಾದ ಒಳನಾಡಿನ ವಾಯುನೆಲೆಗಳ ಹತ್ತಿರದಿಂದಲೇ ಹಾರಿಸಿತು. ಉಕ್ರೇನ್ ಹೇಳಿದಂತೆ ಬಳಸಿದ್ದು 117 ಡ್ರೋನ್‌ಗಳನ್ನು. ಸೈಬೀರಿಯಾದ ಬೆಲಾಯಾ ನೆಲೆ ಯುದ್ಧರಂಗದಿಂದ 4,000 ಕಿಲೋಮೀಟರಿಗೂ ದೂರದಲ್ಲಿದೆ. ಅಲ್ಲಿ ದೂರಗಾಮಿ ಬಾಂಬರ್‌ಗಳು ಬಯಲಲ್ಲೇ ನಿಂತಿದ್ದವು. ಅವುಗಳಲ್ಲಿ ಟಿಯು-95 ವಿಮಾನದ ತಯಾರಿಕೆ ನಿಂತು ಮೂರು ದಶಕ ಕಳೆದಿದೆ. ಒಂದು ದಿನದ ಹೊಡೆತದಲ್ಲಿ ಹೋದದ್ದು ಎಂದಿಗೂ ತುಂಬಿಬಾರದ ನಷ್ಟ ಎಂದಾಗ, ಇಲ್ಲಿ ಮಂಡಿಸಲಾಗಿರುವ ಎರಡೂ ನಿಲುವುಗಳು ಒಂದೇ ಘಟನೆಯಲ್ಲಿ ಸೇರುತ್ತವೆ.

ಪ್ರತಿಕ್ರಿಯೆ 3

ವಾಯುರಕ್ಷಣೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕೆನಿಸುತ್ತದೆ, ಏಕೆಂದರೆ ದಾಸ್ತಾನಿನ ಪ್ರಶ್ನೆ ಈಗ ಎಲ್ಲಕ್ಕಿಂತ ತೀಕ್ಷ್ಣವಾಗಿ ಕಾಣುವುದು ಅಲ್ಲಿಯೇ.

ರಷ್ಯಾ ಉಕ್ರೇನಿನ ಮೇಲೆ ಬಳಸುವ, ಇರಾನ್ ವಿನ್ಯಾಸದ ಶಾಹೆದ್-136 ಬಗೆಯ ಡ್ರೋನ್ ಒಂದಕ್ಕೆ 20,000ದಿಂದ 50,000 ಡಾಲರ್ ತಗಲುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಅಮೆರಿಕದ ಪೇಟ್ರಿಯಟ್ ವಾಯುರಕ್ಷಣಾ ವ್ಯವಸ್ಥೆಯ ಹೊಸ ಪ್ರತಿಬಂಧಕ (ಬರುತ್ತಿರುವುದನ್ನು ಆಕಾಶದಲ್ಲೇ ಹೊಡೆಯುವ) ಕ್ಷಿಪಣಿಯೊಂದರ ಬೆಲೆ ಸುಮಾರು 40 ಲಕ್ಷ ಡಾಲರ್. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು, ರಕ್ಷಿಸುವವನು ದಿವಾಳಿಯಾಗುತ್ತಾನೆ ಎಂದು ಹೇಳುವುದು ರೂಢಿಯಾಗಿದೆ. ಈ ಹೋಲಿಕೆ ಅರ್ಧ ಮಾತ್ರ ಸರಿ. ಡ್ರೋನ್ ಹೊಡೆಯಲು ಬರುತ್ತಿರುವುದು ವಿದ್ಯುತ್ ಸ್ಥಾವರವನ್ನೋ ಆಸ್ಪತ್ರೆಯನ್ನೋ ಆದರೆ ಪ್ರತಿಬಂಧಕದ ಬೆಲೆಯನ್ನು ಅಳೆಯಬೇಕಾದದ್ದು ಉಳಿದ ಸ್ಥಾವರದ ಬೆಲೆಯೊಂದಿಗೆ, ಉಳಿದ ಜೀವಗಳೊಂದಿಗೆ. ಶ್ರೀಮಂತ ದೇಶಕ್ಕೆ 40 ಲಕ್ಷ ಡಾಲರ್ ದೊಡ್ಡ ಮೊತ್ತವಲ್ಲ. ಅದಕ್ಕೆ ನಿಜವಾಗಿ ಕಷ್ಟವಾಗುವುದು ಸಂಖ್ಯೆಯಿಂದ: ವರ್ಷವೊಂದಕ್ಕೆ ಕೆಲವು ನೂರರಷ್ಟು ಮಾತ್ರ ತಯಾರಾಗುವ ಕ್ಷಿಪಣಿಯನ್ನು ಕೆಲವೇ ರಾತ್ರಿಗಳಲ್ಲಿ ಹತ್ತಾರು ಸಂಖ್ಯೆಯಲ್ಲಿ ಹಾರಿಸಿದರೆ, ಎಷ್ಟೇ ಹಣವಿದ್ದರೂ ಮರುದಿನ ಕೊಳ್ಳಲು ಅಂಗಡಿಯಲ್ಲಿ ಸರಕು ಇರುವುದಿಲ್ಲ.

2024ರ ಏಪ್ರಿಲ್ 13ರ ರಾತ್ರಿ ಇರಾನ್ ಇಸ್ರೇಲಿನ ಮೇಲೆ 300ಕ್ಕೂ ಹೆಚ್ಚು ಡ್ರೋನ್ ಮತ್ತು ಕ್ಷಿಪಣಿಗಳನ್ನು ಹಾರಿಸಿದಾಗ ಬಹುತೇಕ ಎಲ್ಲವನ್ನೂ ತಡೆಯಲಾಯಿತು. ಅದನ್ನು ವಾಯುರಕ್ಷಣೆಯ ಗೆಲುವೆಂದು ಕೊಂಡಾಡಿದ್ದು ನ್ಯಾಯವೇ. ಆದರೆ ಅದು ಒಂದು ರಾತ್ರಿಯ ಗೆಲುವು. ಇಸ್ರೇಲಿನ ಜೊತೆಗೆ ಅಮೆರಿಕ, ಬ್ರಿಟನ್, ಫ್ರಾನ್ಸ್, ಜೋರ್ಡಾನ್ ಕೂಡ ನಿಂತಿದ್ದವು. 2025ರ ಜೂನ್‌ನಲ್ಲಿ ಅದೇ ಎರಡು ದೇಶಗಳ ಯುದ್ಧ 12 ದಿನ ನಡೆದಾಗ, ಪ್ರತಿಬಂಧಕ ಕ್ಷಿಪಣಿಗಳ ದಾಸ್ತಾನು ಎಷ್ಟು ದಿನ ಬರುತ್ತದೆ ಎಂಬ ಪ್ರಶ್ನೆ ಎಲ್ಲರ ಬಾಯಲ್ಲೂ ಇತ್ತು. ಕೆಂಪು ಸಮುದ್ರದಲ್ಲಿ 2023ರ ನವೆಂಬರ್‌ನಿಂದ ಯೆಮೆನಿನ ಹೂಥಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಮಾಡಿದಾಗಲೂ ಇದೇ ಆಯಿತು. ಅಮೆರಿಕದ ನೌಕೆಗಳು ಬಂದದ್ದರಲ್ಲಿ ಬಹುಪಾಲನ್ನು ಹೊಡೆದುರುಳಿಸಿದವು, ಆದರೂ ಹಡಗು ಕಂಪನಿಗಳು ಆಫ್ರಿಕಾದ ಗುಡ್ ಹೋಪ್ ಭೂಶಿರವನ್ನು ಸುತ್ತಿಕೊಂಡೇ ಹೋದವು. ಶೇಕಡಾವಾರು ಯಶಸ್ಸು ಎಷ್ಟೇ ಹೆಚ್ಚಿದ್ದರೂ ವಿಮಾ ಕಂತು ನಿಗದಿಯಾಗುವುದು ತಪ್ಪಿಸಿಕೊಂಡು ಬರುವ ಆ ಒಂದು ಕ್ಷಿಪಣಿಯ ಮೇಲೆ.

ಹಾಗಾದರೆ ದಾರಿ ಏನು? ಉಕ್ರೇನಿನಲ್ಲಿ ಶಾಹೆದ್‌ಗಳ ವಿರುದ್ಧ ಅತ್ಯಂತ ಉಪಯುಕ್ತವಾದವುಗಳಲ್ಲಿ ಗೆಪಾರ್ಡ್ ಒಂದು; ಜರ್ಮನಿಯ ಸೇನೆ ಸೇವೆಯಿಂದ ಕೈಬಿಟ್ಟು ಹತ್ತು ವರ್ಷ ದಾಟಿದ್ದ, ರಾಡಾರ್ ಹೊತ್ತ 35 ಮಿ.ಮೀ. ಜೋಡಿ ತೋಪಿನ ವಾಹನ ಅದು. 2025ರ ಮೇ ತಿಂಗಳಲ್ಲಿ ಭಾರತ ಮತ್ತು ಪಾಕಿಸ್ತಾನಗಳ ಸಂಘರ್ಷದಲ್ಲೂ ಡ್ರೋನ್‌ಗಳನ್ನು ಹೊಡೆಯಲು ಭಾರತ ಆಧುನೀಕರಿಸಿದ ಹಳೆಯ ಎಲ್-70 ವಿಮಾನವಿರೋಧಿ ತೋಪುಗಳನ್ನು ಬಳಸಿತು. ಅಗ್ಗದ ಗುರಿಗೆ ಅಗ್ಗದ ಗುಂಡು, ದುಬಾರಿ ಗುರಿಗೆ ಮಾತ್ರ ದುಬಾರಿ ಕ್ಷಿಪಣಿ ಎಂಬ ಪದರಪದರವಾದ ವ್ಯವಸ್ಥೆಯ ಹೊರತು ಬೇರೆ ದಾರಿ ನನಗೆ ಕಾಣುವುದಿಲ್ಲ. ಆದರೆ ಗೆಪಾರ್ಡ್‌ನ ಕಥೆಗೆ ಇನ್ನೊಂದು ಮುಖವಿದೆ. ಅದರ ಗುಂಡುಗಳು ಸ್ವಿಟ್ಜರ್‌ಲ್ಯಾಂಡಿನಲ್ಲಿ ತಯಾರಾದವು. ತನ್ನ ತಟಸ್ಥ ನೀತಿಯ ಕಾರಣ ಕೊಟ್ಟು, ಅವುಗಳನ್ನು ಉಕ್ರೇನಿಗೆ ದಾಟಿಸಲು ಆ ದೇಶ 2022ರಲ್ಲಿ ಜರ್ಮನಿಗೆ ಅನುಮತಿ ನಿರಾಕರಿಸಿತು. ಜರ್ಮನಿ ತನ್ನ ನೆಲದಲ್ಲೇ ಹೊಸ ತಯಾರಿಕಾ ಘಟಕ ತೆರೆದು, ಅದರಿಂದ ಗುಂಡುಗಳು ಹೊರಬರುವ ಹೊತ್ತಿಗೆ 2023ರ ಸೆಪ್ಟೆಂಬರ್ ಆಗಿತ್ತು. ತೋಪು ನಿಮ್ಮದಾಗಿದ್ದು ಗುಂಡು ಇನ್ನೊಬ್ಬರದಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ.

ಪ್ರತಿಕ್ರಿಯೆ 4

ದಾಸ್ತಾನು ಎನ್ನುವಾಗ ಯಾವುದರ ದಾಸ್ತಾನು ಎಂದು ದಯವಿಟ್ಟು ಬಿಡಿಸಿ ಹೇಳಿ. ಎಕ್ಸ್‌ಕ್ಯಾಲಿಬರ್ ಎಂಬ ಜಿಪಿಎಸ್ ಮಾರ್ಗದರ್ಶಿತ ಶೆಲ್ ಉಕ್ರೇನಿಗೆ ಬಂದ ಹೊಸದರಲ್ಲಿ ಬಹುಪಾಲು ಗುರಿ ಮುಟ್ಟುತ್ತಿತ್ತು. ರಷ್ಯಾದ ಜಾಮಿಂಗ್ (ರೇಡಿಯೊ ಸಂಕೇತಗಳಿಗೆ ಅಡ್ಡಿಪಡಿಸುವ ತಂತ್ರ) ಬಲಗೊಂಡಂತೆ ಅದರ ನಿಖರತೆ ಕುಸಿಯಿತು. ರೇಡಿಯೊ ಸಂಪರ್ಕದಿಂದ ನಡೆಯುವ ಡ್ರೋನ್‌ಗಳು ಜಾಮಿಂಗ್‌ಗೆ ಸಿಲುಕತೊಡಗಿದಾಗ, 2024ರ ಹೊತ್ತಿಗೆ ಕೂದಲೆಳೆಯಷ್ಟು ತೆಳುವಾದ ಆಪ್ಟಿಕಲ್ ಫೈಬರ್ ತಂತಿಯನ್ನು ಬಿಚ್ಚುತ್ತಾ ಸಾಗುವ ಡ್ರೋನ್‌ಗಳು ರಂಗಕ್ಕಿಳಿದವು. ತಂತಿಯೊಳಗಿನ ಬೆಳಕನ್ನು ಜಾಮ್ ಮಾಡಲು ಬರುವುದಿಲ್ಲ. ಇಂಥ ಬದಲಾವಣೆಗೆ ಈಗ ಬೇಕಾಗುವುದು ಕೆಲವೇ ತಿಂಗಳು. 2022ರಲ್ಲಿ ಒಂದು ಲಕ್ಷ ಡ್ರೋನ್ ಕೊಂಡು ಗೋದಾಮಿನಲ್ಲಿಟ್ಟಿದ್ದ ದೇಶದ ಬಳಿ ಇಂದು ಇರುವುದು ಒಂದು ಲಕ್ಷ ಗುಜರಿ. ಆದ್ದರಿಂದ ಮೂಲ ವಾದದಲ್ಲಿರುವ ‘ತುಂಬಿಟ್ಟುಕೊಳ್ಳಿ’ ಎಂಬ ಸಲಹೆಯನ್ನು ನಾನು ಹಾಗೆಯೇ ಒಪ್ಪಲಾರೆ.

ವಿಷಯ ಮಂಡಿಸಿದವರ ಉತ್ತರ

ಈ ಆಕ್ಷೇಪ ಬಹಳ ಮುಖ್ಯವಾದದ್ದು, ಮತ್ತು ಅದು ನನ್ನ ವಾದವನ್ನು ಇನ್ನಷ್ಟು ನಿಖರಗೊಳಿಸಲು ನೆರವಾಗುತ್ತದೆ. ಯುದ್ಧಸಾಮಗ್ರಿಯಲ್ಲಿ ಬೇಗ ಹಳತಾಗುವುದು, ನಿಧಾನವಾಗಿ ಹಳತಾಗುವುದು ಎಂಬ ಎರಡು ಬಗೆಗಳಿವೆ. 155 ಮಿ.ಮೀ. ಸಾದಾ ಶೆಲ್ ದಶಕಗಟ್ಟಲೆ ಬಾಳುತ್ತದೆ, ಅದನ್ನು ಜಾಮ್ ಮಾಡಲು ಸಾಧ್ಯವಿಲ್ಲ, ಅದನ್ನು ತುಂಬಿಡಬೇಕು. ಡ್ರೋನನ್ನು ತುಂಬಿಡಬಾರದು, ಅದರ ಮೋಟಾರು, ಬ್ಯಾಟರಿ, ಎಲೆಕ್ಟ್ರಾನಿಕ್ ಚಿಪ್‌ಗಳ ಪೂರೈಕೆ, ಅದನ್ನು ಜೋಡಿಸುವ ಕೈಗಳು, ರಂಗದಿಂದ ಬಂದ ದೂರನ್ನು ವಾರದೊಳಗೆ ವಿನ್ಯಾಸದಲ್ಲಿ ಸರಿಪಡಿಸುವ ಎಂಜಿನಿಯರುಗಳು, ಇವು ಸಿದ್ಧವಿರಬೇಕು. ಇವೆರಡರ ನಡುವೆ ಕ್ಷಿಪಣಿಗಳಿವೆ, ಅವುಗಳ ಸಮಸ್ಯೆ ಎಲ್ಲಕ್ಕಿಂತ ಕಠಿಣ.

ಭುಜದ ಮೇಲಿಟ್ಟು ಹಾರಿಸುವ ಸ್ಟಿಂಗರ್ ಕ್ಷಿಪಣಿಯನ್ನೇ ನೋಡಿ. ಅಮೆರಿಕದ ಸೇನೆ ಬಹಳ ವರ್ಷಗಳಿಂದ ಅದನ್ನು ಹೊಸದಾಗಿ ಕೊಂಡಿರಲಿಲ್ಲ. ಉಕ್ರೇನಿಗೆ ಸಾವಿರಗಟ್ಟಲೆ ಕೊಟ್ಟ ಮೇಲೆ ಮತ್ತೆ ತಯಾರಿಸಲು ಹೊರಟಾಗ ಕೆಲವು ಬಿಡಿಭಾಗಗಳೇ ಮಾರುಕಟ್ಟೆಯಲ್ಲಿ ಇರಲಿಲ್ಲ. ತಯಾರಕ ಕಂಪನಿ 70 ದಾಟಿದ ನಿವೃತ್ತ ಉದ್ಯೋಗಿಗಳನ್ನು ಕರೆತಂದು, ಹಳೆಯ ಕಾಗದದ ನಕ್ಷೆಗಳನ್ನು ನೋಡಿ ಹೊಸಬರಿಗೆ ಕೆಲಸ ಕಲಿಸಬೇಕಾಯಿತು. ಕೈಯಲ್ಲಿದ್ದ ಕಸುಬು ಒಂದು ತಲೆಮಾರಿನೊಳಗೆ ಮರೆತುಹೋಗುತ್ತದೆ ಎಂಬುದು ಯಾವ ಬಜೆಟ್ ಪುಸ್ತಕದಲ್ಲೂ ಕಾಣಿಸದ ನಷ್ಟ.

ಇನ್ನೂ ಕೆಳಗಿಳಿದರೆ ಕಚ್ಚಾವಸ್ತುಗಳು ಸಿಗುತ್ತವೆ. ಶೆಲ್ ಒಳಗಿನ ಟಿಎನ್‌ಟಿಯನ್ನು ಅಮೆರಿಕ 1980ರ ದಶಕದಲ್ಲೇ ತಯಾರಿಸುವುದನ್ನು ನಿಲ್ಲಿಸಿತ್ತು; ಹೊಸ ಸ್ಥಾವರ ಕಟ್ಟಲು ಗುತ್ತಿಗೆ ಕೊಟ್ಟದ್ದು 2024ರಲ್ಲಿ. ಶೆಲ್ಲನ್ನು ದೂಡುವ ಮದ್ದಿಗೆ ನೈಟ್ರೊಸೆಲ್ಯುಲೋಸ್ ಬೇಕು, ಅದಕ್ಕೆ ಹತ್ತಿಬೀಜದ ಮೇಲಿನ ಕಿರುನಾರು ಬೇಕು, ಯುರೋಪಿಗೆ ಆ ನಾರು ಬಹುಪಾಲು ಚೀನಾದಿಂದ ಬರುತ್ತಿತ್ತು. ರಾಡಾರುಗಳಿಗೆ ಬೇಕಾದ ಗ್ಯಾಲಿಯಂ ಮತ್ತು ಇನ್ಫ್ರಾರೆಡ್ ಮಸೂರಗಳಿಗೆ ಬೇಕಾದ ಜರ್ಮೇನಿಯಂ ರಫ್ತಿಗೆ ಚೀನಾ 2023ರ ಆಗಸ್ಟ್‌ನಿಂದ ಪರವಾನಗಿ ಕಡ್ಡಾಯ ಮಾಡಿತು. 2025ರಲ್ಲಿ ಕೆಲವು ವಿರಳ ಭೂಲೋಹಗಳನ್ನೂ ಆ ಪಟ್ಟಿಗೆ ಸೇರಿಸಿತು. ಒಂದೂ ಗುಂಡು ಹಾರಿಸದೆ ಎದುರಾಳಿಯ ಕಾರ್ಖಾನೆಯನ್ನು ನಿಧಾನಗೊಳಿಸುವ ಈ ಕ್ರಮವನ್ನು ಯುದ್ಧತಂತ್ರದ ಭಾಗವೆಂದೇ ಪರಿಗಣಿಸಬೇಕು.

ಪ್ರತಿಕ್ರಿಯೆ 5

ಶೆಲ್, ಕ್ಷಿಪಣಿ, ಲೋಹ ಎಲ್ಲವೂ ಬಂದವು, ಆದರೆ ಮನುಷ್ಯರ ಮಾತು ಇನ್ನೂ ಬರಲಿಲ್ಲ. ತುಂಬಿಕೊಳ್ಳಲು ಅತ್ಯಂತ ಹೆಚ್ಚು ಕಾಲ ಬೇಕಾಗುವುದು ಮನುಷ್ಯರನ್ನೇ.

ರಷ್ಯಾ 2022ರ ಸೆಪ್ಟೆಂಬರ್ 21ರಂದು 3 ಲಕ್ಷ ಜನರ ಭಾಗಶಃ ಸೇನಾ ಜಮಾವಣೆ ಘೋಷಿಸಿತು. ಯುದ್ಧ ಶುರುವಾಗಿ ಏಳು ತಿಂಗಳಲ್ಲಿ, ಗಡಿ ಹಿಡಿದುಕೊಳ್ಳಲೂ ಆಳುಗಳು ಸಾಲದೆ ಹಾರ್ಕಿವ್ ಪ್ರಾಂತದಲ್ಲಿ ಹಿಮ್ಮೆಟ್ಟಿದ ಮೇಲೆ. ಉಕ್ರೇನ್ ಕಡ್ಡಾಯ ಸೇನಾ ಸೇವೆಯ ಕನಿಷ್ಠ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿದ್ದು 2024ರ ಏಪ್ರಿಲ್‌ನಲ್ಲಿ, ದೀರ್ಘ ರಾಜಕೀಯ ಹಿಂಜರಿಕೆಯ ಬಳಿಕ. ಆ ಹಿಂಜರಿಕೆಯನ್ನು ದೂರದಲ್ಲಿ ಕುಳಿತು ಖಂಡಿಸುವುದು ಸುಲಭ. ಆದರೆ ಆ ವಯೋಮಾನದ ಯುವಕರ ಸಂಖ್ಯೆಯೇ ಉಕ್ರೇನಿನಲ್ಲಿ ಕಡಿಮೆ, ಅವರನ್ನು ಕಳೆದುಕೊಂಡ ದೇಶಕ್ಕೆ ಯುದ್ಧ ಗೆದ್ದ ಮೇಲೂ ನಾಳೆ ಎಂಬುದು ಇರಬೇಕಲ್ಲ. ಈ ಯಾತನೆಯನ್ನು ಯಾವ ದಾಸ್ತಾನಿನ ಪಟ್ಟಿಯಲ್ಲೂ ಸೇರಿಸಲು ಬರುವುದಿಲ್ಲ.

ಸ್ವೀಡನ್ 2010ರಲ್ಲಿ, ಜರ್ಮನಿ 2011ರಲ್ಲಿ ಕಡ್ಡಾಯ ಸೇನಾ ಸೇವೆಯನ್ನು ನಿಲ್ಲಿಸಿದವು. ಸ್ವೀಡನ್ 2018ರಲ್ಲಿ ಮತ್ತೆ ಶುರು ಮಾಡಿತು. ಫಿನ್‌ಲ್ಯಾಂಡ್ ಎಂದೂ ನಿಲ್ಲಿಸಲಿಲ್ಲ. ಸುಮಾರು 56 ಲಕ್ಷ ಜನಸಂಖ್ಯೆಯ ಆ ದೇಶ ಯುದ್ಧ ಬಂದರೆ 2,80,000 ಜನರ ಸೇನೆಯನ್ನು ನಿಲ್ಲಿಸುವ ವ್ಯವಸ್ಥೆ ಇಟ್ಟುಕೊಂಡಿದೆ. ಕಡ್ಡಾಯ ಸೇವೆ ಎಲ್ಲ ದೇಶಗಳಿಗೂ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಅದಕ್ಕಿಂತ ಕಡಿಮೆ ಚರ್ಚೆಗೆ ಬರುವ ಇನ್ನೊಂದು ಅಂಶದತ್ತ ಗಮನ ಸೆಳೆಯುತ್ತೇನೆ. ನಿಲ್ಲಿಸಿದ ವ್ಯವಸ್ಥೆಯನ್ನು ಮತ್ತೆ ಶುರು ಮಾಡಲು ಕಾನೂನು ಸಾಲದು. ಬ್ಯಾರಕ್‌ಗಳು, ತರಬೇತಿ ಮೈದಾನಗಳು, ಎಲ್ಲಕ್ಕಿಂತ ಹೆಚ್ಚಾಗಿ ಹೊಸಬರಿಗೆ ಕಲಿಸುವ ಅನುಭವಿ ಹವಾಲ್ದಾರರು, ಸುಬೇದಾರರು ಬೇಕು. ಯುದ್ಧ ಶುರುವಾದ ಮೇಲೆ ಆ ಅನುಭವಿಗಳೇ ರಂಗದಲ್ಲಿ ಮೊದಲು ಸಾಯುತ್ತಾರೆ. ಬ್ರಿಟನ್ 2022ರಿಂದ ಉಕ್ರೇನಿನ ಹೊಸ ಯೋಧರಿಗೆ ಸುಮಾರು ಐದು ವಾರಗಳ ತರಬೇತಿ ಕೊಟ್ಟಿತು. ಐದು ವಾರಗಳಲ್ಲಿ ಬಂದೂಕು ಹಿಡಿಯಲು, ಗಾಯಕ್ಕೆ ಪಟ್ಟಿ ಕಟ್ಟಲು ಕಲಿಯಬಹುದು. ಬೆಟಾಲಿಯನ್ ನಡೆಸುವ ಅಧಿಕಾರಿ ತಯಾರಾಗಲು ಹದಿನೈದು ವರ್ಷ ಬೇಕು.

ಪ್ರತಿಕ್ರಿಯೆ 6

ಮೇಡಂ ಮನುಷ್ಯರ ಮಾತು ಎತ್ತಿದ್ದು ಸರಿಯಾಯಿತು. ನಾನು ಅಣ್ವಸ್ತ್ರದ ಮಾತು ಎತ್ತುತ್ತೇನೆ, ಏಕೆಂದರೆ ಅದಿಲ್ಲದೆ ದೀರ್ಘ ಯುದ್ಧದ ಚರ್ಚೆ ಅಪಾಯಕಾರಿಯಾಗಿ ಅಪೂರ್ಣ.

ಎರಡೂ ಕಡೆ ಅಣ್ವಸ್ತ್ರ ಇರುವಾಗ ದೊಡ್ಡ ಯುದ್ಧ ದೂರವಾಗುತ್ತದೆ, ಆದರೆ ಅದೇ ಭರವಸೆಯಲ್ಲಿ ಸಣ್ಣ ಯುದ್ಧಗಳಿಗೆ ಧೈರ್ಯ ಬರುತ್ತದೆ ಎಂಬ ವಿರೋಧಾಭಾಸವನ್ನು ಅಮೆರಿಕದ ರಾಜಕೀಯ ಶಾಸ್ತ್ರಜ್ಞ ಗ್ಲೆನ್ ಸ್ನೈಡರ್ 1965ರಲ್ಲೇ ಗುರುತಿಸಿದ್ದರು. 1998ರಲ್ಲಿ ಭಾರತ ಮತ್ತು ಪಾಕಿಸ್ತಾನ ಎರಡೂ ಅಣುಪರೀಕ್ಷೆ ನಡೆಸಿದ ಮರುವರ್ಷವೇ ಕಾರ್ಗಿಲ್ ನಡೆಯಿತು. ಭಾರತದ ವಾಯುಪಡೆಗೆ ನಿಯಂತ್ರಣ ರೇಖೆ ದಾಟದಂತೆ ಆದೇಶವಿತ್ತು. ಇಂಥ ಮಿತಿಗಳೊಳಗಿನ ಯುದ್ಧದಲ್ಲಿ ವರ್ಷಗಟ್ಟಲೆ ಕಾದಾಡುವ ಸಾಮರ್ಥ್ಯ ಕಟ್ಟಿಕೊಂಡ ದೇಶ, ಎದುರಾಳಿಯನ್ನು ಸೋಲಿನ ಅಂಚಿಗೆ ತಳ್ಳಿದಾಗ ಆ ಎದುರಾಳಿ ಏನು ಮಾಡಿಯಾನು? ಸಾಂಪ್ರದಾಯಿಕ ಯುದ್ಧದಲ್ಲಿ ನಿಧಾನವಾಗಿ ಸೋಲುತ್ತಿರುವ ಅಣ್ವಸ್ತ್ರ ರಾಷ್ಟ್ರ ಅತ್ಯಂತ ಅಪಾಯಕಾರಿ ಎಂಬ ಭಯವೇ, ಉಕ್ರೇನಿಗೆ ದೂರಗಾಮಿ ಕ್ಷಿಪಣಿ ಕೊಡುವ ಪ್ರತಿಯೊಂದು ನಿರ್ಧಾರವನ್ನೂ ತಿಂಗಳುಗಟ್ಟಲೆ ತಡಮಾಡಿತು.

ಆದರೆ ಇದೇ ತರ್ಕ ವಿರುದ್ಧ ದಿಕ್ಕಿನಲ್ಲೂ ನಡೆಯುತ್ತದೆ, ಅದನ್ನು ಮರೆಮಾಚುವುದು ಪ್ರಾಮಾಣಿಕವಾಗುವುದಿಲ್ಲ. 1950ರ ದಶಕದಲ್ಲಿ ಸೋವಿಯತ್ ದಾಳಿಗೆ ನ್ಯಾಟೋ ಕೂಟದ ಉತ್ತರ ಬಹುಮಟ್ಟಿಗೆ ಅಣ್ವಸ್ತ್ರವೊಂದೇ ಆಗಿತ್ತು. ಗಡಿಯ ಸಣ್ಣ ಘರ್ಷಣೆಗೂ ಮಹಾನಗರಗಳನ್ನು ಸುಡುವ ಬೆದರಿಕೆಯನ್ನು ಯಾರೂ ನಂಬುವುದಿಲ್ಲ ಎಂದು ಅರಿವಾದ ಮೇಲೆ, 1967ರಲ್ಲಿ ಆ ಕೂಟ ಹಂತಹಂತವಾಗಿ ಪ್ರತಿಕ್ರಿಯಿಸುವ ನೀತಿಗೆ ಬದಲಾಯಿತು. ಮದ್ದುಗುಂಡು ಮುಗಿದ ಸೇನೆಯ ಮುಂದೆ ಉಳಿಯುವುದು ಶರಣಾಗತಿ, ಇಲ್ಲವೇ ಅಣ್ವಸ್ತ್ರ. ಮೂಲ ವಾದದ ನಿಜವಾದ ಬಲ ನನಗೆ ಇಲ್ಲಿ ಕಾಣಿಸುತ್ತದೆ: ದಾಸ್ತಾನು ಎಂದರೆ ಆ ಕ್ಷಣವನ್ನು ಮುಂದೂಡುವ ಕಾಲಾವಕಾಶ. 2019ರಲ್ಲಿ ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳ ಒಪ್ಪಂದ ಬಿದ್ದುಹೋಗಿ, ಅಮೆರಿಕ ಮತ್ತು ರಷ್ಯಾಗಳ ನಿಯೋಜಿತ ಸಿಡಿತಲೆಗಳನ್ನು ತಲಾ 1,550ಕ್ಕೆ ಮಿತಿಗೊಳಿಸಿದ್ದ ನ್ಯೂ ಸ್ಟಾರ್ಟ್ ಒಪ್ಪಂದದ ಅವಧಿಯೂ 2026ರ ಫೆಬ್ರವರಿ 5ಕ್ಕೆ ಮುಗಿದಿರುವ ಈ ಕಾಲದಲ್ಲಿ ಆ ಅವಕಾಶದ ಬೆಲೆ ಇನ್ನೂ ಹೆಚ್ಚಿದೆ.

ಪ್ರತಿಕ್ರಿಯೆ 7

ಜಾಮಿಂಗ್ ಮತ್ತು ಆಳುಗಳ ಕೊರತೆ, ಈ ಎರಡೂ ಸೇರಿ ಸೇನೆಗಳನ್ನು ಒಂದೇ ದಿಕ್ಕಿಗೆ ತಳ್ಳುತ್ತಿವೆ: ಸಂಪರ್ಕ ಕಡಿದರೂ ತಾನೇ ಗುರಿ ಗುರುತಿಸಿ ಹೊಡೆಯುವ ಯಂತ್ರ. ಇದರ ಬಗ್ಗೆ ನನಗೆ ಆಳವಾದ ಆತಂಕವಿದೆ, ಆದರೆ ‘ಕೊನೆಯ ನಿರ್ಧಾರ ಮನುಷ್ಯನದ್ದಾಗಿರಲಿ’ ಎಂಬ ಒಂದೇ ಸಾಲಿನ ಪರಿಹಾರ ಆ ಆತಂಕವನ್ನು ಕಳೆಯುವುದಿಲ್ಲ.

1988ರ ಜುಲೈ 3ರಂದು ಅಮೆರಿಕದ ‘ವಿನ್ಸೆನ್ಸ್’ ನೌಕೆ ಇರಾನಿನ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿತು. 290 ಮಂದಿ ಸತ್ತರು. ವಿಮಾನ ಮೇಲೇರುತ್ತಿದೆ ಎಂದು ನೌಕೆಯ ರಾಡಾರ್ ಮತ್ತು ಕಂಪ್ಯೂಟರ್ ಆಧಾರಿತ ಏಜಿಸ್ ವ್ಯವಸ್ಥೆ ಸರಿಯಾಗಿಯೇ ದಾಖಲಿಸಿತ್ತು, ಒತ್ತಡದಲ್ಲಿದ್ದ ಸಿಬ್ಬಂದಿ ಅದು ತಮ್ಮತ್ತ ಇಳಿಯುತ್ತಿದೆ ಎಂದು ಭಾವಿಸಿದರು. 2003ರಲ್ಲಿ ಇರಾಕ್ ಯುದ್ಧದ ವೇಳೆ ಇದರ ತದ್ವಿರುದ್ಧ ನಡೆಯಿತು: ಪೇಟ್ರಿಯಟ್ ವ್ಯವಸ್ಥೆ ಬ್ರಿಟನ್ನಿನ ಟೊರ್ನೇಡೊ ವಿಮಾನವನ್ನು ಶತ್ರು ಕ್ಷಿಪಣಿಯೆಂದು ತಪ್ಪಾಗಿ ಗುರುತಿಸಿತು, ಸಿಬ್ಬಂದಿ ಯಂತ್ರವನ್ನು ನಂಬಿದರು, ಇಬ್ಬರು ಮಿತ್ರ ಯೋಧರು ಸತ್ತರು. ಒಮ್ಮೆ ಯಂತ್ರ ಸರಿಯಿದ್ದು ಮನುಷ್ಯ ತಪ್ಪಿದ, ಇನ್ನೊಮ್ಮೆ ಯಂತ್ರ ತಪ್ಪಿದಾಗ ಮನುಷ್ಯ ತಡೆಯಲಿಲ್ಲ. ಎರಡರಲ್ಲೂ ಯೋಚಿಸಲು ಇದ್ದದ್ದು ಕೆಲವೇ ಕ್ಷಣಗಳು, ಕೆಲವೇ ನಿಮಿಷಗಳು. ಮನುಷ್ಯನಿಗೆ ಗುಂಡಿ ಒಪ್ಪಿಸಿ ಯೋಚಿಸುವ ಸಮಯ ಕೊಡದಿದ್ದರೆ ಅದನ್ನು ಮಾನವ ನಿಯಂತ್ರಣ ಎಂದು ಕರೆಯಲಾಗದು.

ಅಣ್ವಸ್ತ್ರ ಬಳಕೆಯ ನಿರ್ಧಾರ ಮನುಷ್ಯರ ಕೈಯಲ್ಲೇ ಇರಬೇಕೆಂದು 2024ರ ನವೆಂಬರ್‌ನಲ್ಲಿ ಅಮೆರಿಕ ಮತ್ತು ಚೀನಾದ ಅಧ್ಯಕ್ಷರು ಲಿಮಾದಲ್ಲಿ ಒಪ್ಪಿಕೊಂಡರು. ಸ್ವಯಂಚಾಲಿತ ಮಾರಕಾಸ್ತ್ರಗಳ ಕುರಿತ ನಿರ್ಣಯವನ್ನು ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 166 ದೇಶಗಳು ಬೆಂಬಲಿಸಿದವು. ಮೊದಲನೆಯದು ಬಹಳ ಸೀಮಿತ, ಎರಡನೆಯದಕ್ಕೆ ಯಾರನ್ನೂ ಕಟ್ಟಿಹಾಕುವ ಶಕ್ತಿಯಿಲ್ಲ. ಆದರೂ ಇವುಗಳನ್ನು ಕೈಬಿಡಬಾರದು.

ಪ್ರತಿಕ್ರಿಯೆ 8

ಹಣದ ಬಗ್ಗೆ ಒಂದೆರಡು ಮಾತು. ನ್ಯಾಟೋ ದೇಶಗಳು 2025ರ ಜೂನ್‌ನಲ್ಲಿ ಹೇಗ್ ನಗರದಲ್ಲಿ, 2035ರ ಹೊತ್ತಿಗೆ ರಾಷ್ಟ್ರೀಯ ಉತ್ಪನ್ನದ ಶೇ 5ರಷ್ಟನ್ನು ರಕ್ಷಣೆ ಮತ್ತು ಅದಕ್ಕೆ ಸಂಬಂಧಿಸಿದ ವೆಚ್ಚಗಳಿಗೆ ಕೊಡಲು ಒಪ್ಪಿದವು. ಅದರಲ್ಲಿ ನೇರ ಸೇನಾ ವೆಚ್ಚ ಶೇ 3.5. ಶೇಕಡಾವಾರು ಗುರಿಯಿಂದ ಶೆಲ್ ತಯಾರಾಗುವುದಿಲ್ಲ. ಎರಡು ವರ್ಷ ಬೇಡಿಕೆ ಕೊಟ್ಟು ಮೂರನೆಯ ವರ್ಷ ನಿಲ್ಲಿಸುವ ಸರ್ಕಾರವನ್ನು ನಂಬಿ ಯಾವ ಉದ್ಯಮಿಯೂ ಯಂತ್ರ ಕೊಳ್ಳುವುದಿಲ್ಲ. ಹತ್ತು ವರ್ಷಗಳ ಖಚಿತ ಖರೀದಿ ಒಪ್ಪಂದ, ಶಾಂತಿಕಾಲದಲ್ಲಿ ಅರ್ಧ ಸಾಮರ್ಥ್ಯದಲ್ಲಿ ನಡೆದರೂ ನಷ್ಟವಾಗದಂತೆ ಕಾರ್ಖಾನೆಗೆ ಪಾವತಿ, ಇವೆರಡೂ ಲೆಕ್ಕಪರಿಶೋಧಕರಿಗೆ ಮೇಲ್ನೋಟಕ್ಕೆ ದುಂದುವೆಚ್ಚದಂತೆ ಕಂಡರೂ ಬೇಕೇ ಬೇಕು. ಹಾಗೆ ಬೇಡಿಕೆ ಖಚಿತವಾದಾಗ ಕೆಲಸ ಬೇಗ ಆಗುತ್ತದೆ ಎಂಬುದಕ್ಕೆ ಜರ್ಮನಿಯ ಉಂಟರ್‌ಲ್ಯೂಸ್‌ನಲ್ಲಿರುವ ಶೆಲ್ ಕಾರ್ಖಾನೆ ಸಾಕ್ಷಿ: 2024ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿದ್ದು 2025ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು.

ಪ್ರತಿಕ್ರಿಯೆ 9

ಇಷ್ಟೆಲ್ಲ ಒಪ್ಪಿದರೂ ಒಂದು ತೊಡಕು ಉಳಿಯುತ್ತದೆ. ದಾಸ್ತಾನಿನ ಅಂಕಿಗಳು ರಹಸ್ಯವಾಗಿದ್ದರೆ ಸರ್ಕಾರವನ್ನು ಪ್ರಶ್ನಿಸುವವರು ಯಾರು? ಬಹಿರಂಗವಾದರೆ ಶತ್ರುವಿಗೆ ಲೆಕ್ಕ ಸಿಗುತ್ತದೆ. 152 ಬಗೆಯ ಮದ್ದುಗುಂಡುಗಳಲ್ಲಿ ಸುಮಾರು ಶೇ 40ರಷ್ಟು ಬಗೆಗಳ ದಾಸ್ತಾನು ತೀವ್ರ ಯುದ್ಧದ 10 ದಿನಗಳಿಗೂ ಸಾಲದು ಎಂದು ಸರ್ಕಾರದ ಲೆಕ್ಕ ಪರಿಶೋಧಿಸುವ ಭಾರತದ ಸಿಎಜಿ 2017ರಲ್ಲಿ ಸಂಸತ್ತಿಗೆ ವರದಿ ಕೊಟ್ಟಾಗ ಈ ಎರಡೂ ವಾದಗಳು ಎದುರುಬದುರಾದವು. ವರದಿಯನ್ನು ಪ್ರಕಟಿಸಿದ್ದು ತಪ್ಪು ಎಂದವರ ದೇಶಭಕ್ತಿಯನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಕೊರತೆ ನಿಜವಾಗಿದ್ದಾಗ ಅದನ್ನು ಮುಚ್ಚಿಟ್ಟರೆ ಅದರ ಬೆಲೆ ತೆರುವವನು ಕೊನೆಗೆ ಕಂದಕದಲ್ಲಿರುವ ಯೋಧ. 1915ರ ಮೇ ತಿಂಗಳಲ್ಲಿ ಬ್ರಿಟನ್ನಿನ ಪತ್ರಿಕೆಗಳು ಶೆಲ್‌ಗಳ ಕೊರತೆಯನ್ನು ಬಯಲಿಗೆಳೆದವು. ಅದು ಅಲ್ಲಿನ ಸರ್ಕಾರವನ್ನೇ ಅಲುಗಾಡಿಸಿ, ಸಮ್ಮಿಶ್ರ ಸರ್ಕಾರ ಬಂದು, ಲಾಯ್ಡ್ ಜಾರ್ಜ್ ಅವರ ಕೈಯಲ್ಲಿ ಮದ್ದುಗುಂಡಿಗೆಂದೇ ಪ್ರತ್ಯೇಕ ಸಚಿವಾಲಯ ಹುಟ್ಟಿತು. ಆ ಬಹಿರಂಗ ಮುಜುಗರ ಇಲ್ಲದಿದ್ದರೆ ಆ ಸಚಿವಾಲಯ ಅಷ್ಟು ಬೇಗ ಹುಟ್ಟುತ್ತಿರಲಿಲ್ಲ.

ವಿಷಯ ಮಂಡಿಸಿದವರ ಉತ್ತರ

ಈ ತೊಡಕಿಗೆ ನನಗೆ ತೋಚುವ ಉತ್ತರ ಹೀಗಿದೆ. ಗೋದಾಮಿನಲ್ಲಿರುವ ಸಂಖ್ಯೆ ರಹಸ್ಯವಾಗಿಯೇ ಇರಲಿ. ಅದನ್ನು ಪ್ರಮಾಣವಚನಕ್ಕೆ ಬದ್ಧವಾದ, ಎಲ್ಲ ಪಕ್ಷಗಳ ಸದಸ್ಯರಿರುವ ಸಂಸದೀಯ ಸಮಿತಿ ಪ್ರತಿವರ್ಷ ಮುಚ್ಚಿದ ಬಾಗಿಲೊಳಗೆ ಪರಿಶೀಲಿಸಲಿ, ಗುರಿ ತಲುಪಿದೆಯೇ ಇಲ್ಲವೇ ಎಂಬ ಒಂದು ಮಾತನ್ನು ಮಾತ್ರ ಸದನದಲ್ಲಿ ಹೇಳಲಿ. ಕಾರ್ಖಾನೆಯ ಸಾಮರ್ಥ್ಯವನ್ನು ಬಚ್ಚಿಡುವ ಅಗತ್ಯವಿಲ್ಲ, ಬಚ್ಚಿಡಲೂ ಬಾರದು. ಎದುರಾಳಿಯನ್ನು ಹಿಂಜರಿಯುವಂತೆ ಮಾಡಬೇಕಾದರೆ ಅವನಿಗೆ ಕಾಣುವ ಏನಾದರೂ ಇರಬೇಕು. ಎರಡನೆಯ ವರ್ಷಕ್ಕೂ ಶೆಲ್ ತಯಾರಾಗುತ್ತದೆ, ಐದನೆಯ ತಿಂಗಳಲ್ಲೂ ತರಬೇತಾದ ಮೀಸಲು ಪಡೆ ಬರುತ್ತದೆ ಎಂದು ಖಚಿತವಾಗಿ ಗೊತ್ತಾದರೆ, ಒಂದು ವಾರದಲ್ಲಿ ಎಲ್ಲವನ್ನೂ ಮುಗಿಸುವ ಯೋಜನೆಯನ್ನು ಅವನ ಸೇನಾಧಿಕಾರಿಗಳೇ ತಮ್ಮ ನಾಯಕನ ಮುಂದಿಡಲು ಹಿಂದೆಮುಂದೆ ನೋಡುತ್ತಾರೆ.

ಮೊದಲ ಪ್ರತಿಕ್ರಿಯೆ ಬರೆದ ಸದಸ್ಯರಿಗೂ ಇಲ್ಲೇ ಉತ್ತರಿಸುತ್ತೇನೆ. ಮೊದಲ ವಾರಕ್ಕೆ ಮೊದಲ ಹಕ್ಕು ಎಂಬ ನಿಮ್ಮ ಮಾತನ್ನು ನಾನು ನಿರಾಕರಿಸುವುದಿಲ್ಲ. ಹೊಸ್ಟೊಮೆಲ್‌ನಲ್ಲಿ ಓಡುದಾರಿಯನ್ನು ಕೆಡಿಸಿದ ಫಿರಂಗಿಗಳಿಗೂ ಆ ದಿನ ಶೆಲ್ ಬೇಕಿತ್ತು ಎಂದು ಮಾತ್ರ ಸೇರಿಸುತ್ತೇನೆ. ನಮ್ಮಿಬ್ಬರ ಭಿನ್ನಾಭಿಪ್ರಾಯ ಬಜೆಟ್ಟಿನಲ್ಲಿ ಯಾವುದಕ್ಕೆ ಎಷ್ಟು ಎಂಬಲ್ಲಿದೆ. ಹೊಸ ನೌಕೆಯನ್ನೋ ವಿಮಾನವನ್ನೋ ಕೊಳ್ಳುವ ಪ್ರತಿಯೊಂದು ಪ್ರಸ್ತಾವದ ಜೊತೆಗೆ ಅದರ ಕ್ಷಿಪಣಿಗಳು, ಬಿಡಿಭಾಗಗಳು ಮತ್ತು ಬದಲಿ ಸಿಬ್ಬಂದಿಯ ತರಬೇತಿಗೆ ತಗಲುವ ವೆಚ್ಚವನ್ನೂ ಅದೇ ಕಡತದಲ್ಲಿ, ಅದೇ ಮಂಜೂರಾತಿಯಲ್ಲಿ ಸೇರಿಸುವುದು ಕಡ್ಡಾಯವಾಗಲಿ ಎಂಬುದು ನನ್ನ ಪ್ರಸ್ತಾವ. ಅದರಿಂದ ನೌಕೆಗಳ ಸಂಖ್ಯೆ ಹತ್ತರಿಂದ ಏಳಕ್ಕೆ ಇಳಿದರೆ ಆ ಏಳನ್ನೇ ನಾನು ಆರಿಸಿಕೊಳ್ಳುತ್ತೇನೆ. ನೀವು ಹತ್ತನ್ನು ಆರಿಸಿಕೊಳ್ಳುವುದಾದರೆ, ಎರಡನೆಯ ತಿಂಗಳಲ್ಲಿ ಅವು ಏನನ್ನು ಹಾರಿಸಬೇಕು ಎಂಬುದನ್ನು ದಯವಿಟ್ಟು ವಿವರಿಸಿ.